ವಾಕ್ಯ ಓದಿದರೂ ಮನಸ್ಸಿಗೆ ಹತ್ತುತ್ತಿಲ್ಲ, ದೇವರು ದೂರವಾದರೇ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು 39. ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ. ನಮ್ಮ ತವರಿನಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಒಂದು ಸಂಗೀತ, ಒಂದು ಅಧ್ಯಾಯ, ಕೊನೆಗೆ ಅಪ್ಪನ ಪ್ರಾರ್ಥನೆ. ಮದುವೆಯಾದ ಮೇಲೂ ನಾನು ಬೆಳಿಗ್ಗೆ ಬೇಗ ಎದ್ದು ಸತ್ಯವೇದದ (ಬೈಬಲಿನ) ವಾಕ್ಯ ಓದುತ್ತಿದ್ದೆ, ಓದುತ್ತ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಎರಡು ವರ್ಷದಿಂದ ಏನೂ ಆಗುವುದಿಲ್ಲ. ನೈಟ್ ಡ್ಯೂಟಿ ಹೆಚ್ಚಾಗಿದೆ, ಥೈರಾಯ್ಡ್ ಮಾತ್ರೆ ನಡೆದಿದೆ. ಪ್ರತಿ ಜನವರಿ ಒಂದನೇ ತಾರೀಖಿಗೆ ವರ್ಷದಲ್ಲಿ ಇಡೀ ಸತ್ಯವೇದ ಓದಿ ಮುಗಿಸುವ ಪಟ್ಟಿ ಹಿಡಿಯುತ್ತೇನೆ, ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬಂದು ನಿಲ್ಲಿಸುತ್ತೇನೆ. ಆಮೇಲೆ ವಾಟ್ಸಾಪ್‌ನಲ್ಲಿ ಬರುವ ದಿನದ ವಚನ ನೋಡುವುದಷ್ಟೇ. ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು, ನಿನ್ನಲ್ಲಿ ಅಡಗಿದ ಪಾಪ ಏನೋ ಇದೆ, 21 ದಿನ ಉಪವಾಸ ಮಾಡು ಅಂದಿದ್ದಾರೆ. 13 ವರ್ಷದ ಮಗ ಪ್ರಾರ್ಥನೆಗೆ ಕೂರಲು ಒಪ್ಪುತ್ತಿಲ್ಲ. ದೇವರು ನನ್ನನ್ನು ಬಿಟ್ಟರೇ? ಮೊದಲಿನ ಭಕ್ತಿ ಮತ್ತೆ ಬರಲು ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಕಾಗದದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದರಲ್ಲೊಂದು ಸಿಕ್ಕಿಕೊಂಡಿವೆ: ಮೈಯ ದಣಿವು, ಓದುವ ಕ್ರಮ, ಮನಸ್ಸಿನ ಮೇಲೆ ಬಿದ್ದ ಅಪರಾಧದ ಭಾರ, ಮಗನ ಚಿಂತೆ. ಇವನ್ನೆಲ್ಲ ಒಟ್ಟು ಸೇರಿಸಿ ‘ದೇವರು ಬಿಟ್ಟರು’ ಎಂದು ಹೆಸರಿಟ್ಟಿದ್ದೀರಿ. ಆ ಹೆಸರು ಸರಿಯಲ್ಲ. ಸಭಾಪಾಲನೆಯಲ್ಲಿ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಹೆಚ್ಚಾಗಿ ದೇವರನ್ನು ಬಿಟ್ಟವರಲ್ಲ, ವರ್ಷಾನುಗಟ್ಟಲೆ ಅವನನ್ನು ಹುಡುಕಿಕೊಂಡು ಬಂದವರೇ. ಕಣ್ಣೀರು ಬರಲಿಲ್ಲ ಎಂದು ನೋಯುವವರಿಗೆ ದೇವರ ಮೇಲೆ ಆಸೆ ಇದ್ದೇ ಇದೆ.

ಅಡಗಿದ ಪಾಪದ ಮಾತನ್ನು ಮೊದಲು ತೆಗೆದುಕೊಳ್ಳೋಣ, ಯಾಕೆಂದರೆ ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಅದೇ. ಪಾಪ ಪ್ರಾರ್ಥನೆಯನ್ನು ಒಣಗಿಸುತ್ತದೆ ಎಂಬುದು ಸುಳ್ಳಲ್ಲ. 32ನೆಯ ಕೀರ್ತನೆಯಲ್ಲಿ ದಾವೀದ, ತಪ್ಪನ್ನು ಮುಚ್ಚಿಟ್ಟುಕೊಂಡಿದ್ದಾಗ ತನ್ನ ಎಲುಬುಗಳೇ ಸವೆದು ಹೋದವು ಎನ್ನುತ್ತಾನೆ. ಆದರೆ ದಾವೀದನಿಗೆ ತನ್ನ ಪಾಪ ಯಾವುದೆಂದು ಗೊತ್ತಿತ್ತು. ಪ್ರವಾದಿ ನಾತಾನ ಬಂದಾಗಲೂ ‘ಏನೋ ಇದೆ, ಹುಡುಕು’ ಅನ್ನಲಿಲ್ಲ, ‘ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತೆಗೆದುಕೊಂಡೆ’ ಎಂದು ಮುಖಕ್ಕೇ ಹೇಳಿದ. ಪವಿತ್ರಾತ್ಮನು ಮನಸ್ಸಾಕ್ಷಿಯನ್ನು ಮುಟ್ಟುವಾಗ ತಪ್ಪಿಗೆ ಹೆಸರಿರುತ್ತದೆ, ತಿದ್ದಿಕೊಳ್ಳುವ ದಾರಿಯೂ ಕಾಣುತ್ತದೆ. ಹೆಸರಿಲ್ಲದ, ಮುಖವಿಲ್ಲದ ಅಪರಾಧಭಾವ ಮನುಷ್ಯನನ್ನು ಸುಮ್ಮನೆ ಜಗ್ಗುತ್ತದೆ. ನಿಮಗೆ ಖಚಿತವಾಗಿ ನೆನಪಾಗುವ ತಪ್ಪೇನಾದರೂ ಇದ್ದರೆ ಅದನ್ನು ಒಪ್ಪಿಕೊಂಡು, ಸಂಬಂಧಪಟ್ಟವರ ಹತ್ತಿರ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ತಡಕುವುದನ್ನು ಇವತ್ತೇ ನಿಲ್ಲಿಸಿ.

ಸತ್ಯವೇದದ ಯೋಬನ ಪುಸ್ತಕದಲ್ಲಿ, ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರೂ ಇದನ್ನೇ ಮಾಡಿದ್ದರು. ಕಷ್ಟ ಬಂದಿದೆ ಅಂದಮೇಲೆ ಎಲ್ಲೋ ಪಾಪ ಇರಲೇಬೇಕು ಎಂದು ಅಧ್ಯಾಯದ ಮೇಲೆ ಅಧ್ಯಾಯ ವಾದಿಸಿದರು. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ತಿರುಗಿದ್ದು ಆ ಗೆಳೆಯರ ಮೇಲೆ. ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕಾಯಿತು. ನಿಮ್ಮ ಗುಂಪಿನ ಅಕ್ಕ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಅವರ ಮೇಲೆ ಬೇಸರ ಬೇಡ, ಆದರೆ ಆ ಮಾತನ್ನು ದೇವರ ತೀರ್ಪು ಎಂದುಕೊಳ್ಳಬೇಡಿ.

ಉಪವಾಸದ ಬಗ್ಗೆ ನನ್ನ ಮಾತು ಇನ್ನೂ ನೇರ. 21 ದಿನ ಬೇಡ. ಉಪವಾಸ ಪ್ರಾರ್ಥನೆಯನ್ನು ನಾನು ಗೌರವಿಸುತ್ತೇನೆ, ನಮ್ಮ ಸಭೆಗಳಲ್ಲಿ ಅದಕ್ಕೆ ಜಾಗವಿದೆ. ಆದರೆ ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಡ್ರಿಪ್ ಹಾಕಿ, ಇಂಜೆಕ್ಷನ್ನಿನ ಡೋಸ್ ಲೆಕ್ಕ ಹಾಕುವ ಕೈ ನಡುಗಬಾರದು. ಅಲ್ಲಿ ಬೇರೆಯವರ ಜೀವವೂ ನಿಮ್ಮ ಊಟದ ಮೇಲೆ ನಿಂತಿದೆ. ಮಾತ್ರೆ ನಡೆದಿರುವವರು ವೈದ್ಯರನ್ನು ಕೇಳದೆ ದೀರ್ಘ ಉಪವಾಸಕ್ಕೆ ಇಳಿಯಲೇಬಾರದು. ಜೊತೆಗೆ, ಕಳೆದುಹೋದ ಭಾವನೆಯನ್ನು ವಾಪಸ್ ತರಿಸಲು ದೇವರ ಮೇಲೆ ಹಾಕುವ ಒತ್ತಡವಾಗಿ ಉಪವಾಸ ಮಾಡಿದರೆ, 22ನೆಯ ದಿನವೂ ಮನಸ್ಸು ಒಣಗಿಯೇ ಇದ್ದಾಗ ನೀವು ಈಗಿರುವುದಕ್ಕಿಂತ ಕೆಳಗೆ ಬೀಳುತ್ತೀರಿ. ಹಾಗೆ ಕುಸಿದವರನ್ನು ಕಂಡೇ ಹೇಳುತ್ತಿದ್ದೇನೆ.

ಇನ್ನು ಮೈಯ ವಿಷಯ. 1 ಅರಸುಗಳು 19ನೆಯ ಅಧ್ಯಾಯ ತೆಗೆದು ನೋಡಿ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದವನು. ಅದೇ ಮನುಷ್ಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಲೆದೆಸೆಯಲ್ಲಿ ನೀರು. ಎಲೀಯ ತಿಂದ, ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲ್ಲನೆಯ ಸ್ವರ ಬಂದದ್ದು ಆಮೇಲೆ, ದಿನಗಳು ಕಳೆದ ಮೇಲೆ. ನಿದ್ದೆ ಕೆಟ್ಟ ಮೈಗೆ ಯಾವ ವಾಕ್ಯವೂ ಸಪ್ಪೆ. ಥೈರಾಯ್ಡ್ ಅಂಶ ಕಡಿಮೆ ಇದ್ದರೆ ಆಯಾಸ, ಮಂಕು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಕೊನೆಯ ಸಲ ಯಾವಾಗ ರಕ್ತ ಪರೀಕ್ಷೆ ಮಾಡಿಸಿದಿರಿ?

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಒಣಗಿದ್ದು ವಾಕ್ಯ ಓದುವಾಗ ಮಾತ್ರವೇ, ಇಲ್ಲ ಊಟ, ಮಾತು, ಮಕ್ಕಳು, ಎಲ್ಲವೂ ರುಚಿ ಕಳೆದುಕೊಂಡಿವೆಯೇ? ಎರಡು ವಾರಕ್ಕೂ ಹೆಚ್ಚು ಕಾಲ ಎಲ್ಲದರಲ್ಲೂ ಹಾಗೇ ಇದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಅದನ್ನು ಪ್ರಾರ್ಥನೆಯ ಕೊರತೆ ಎಂದು ಮುಚ್ಚಿಡಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಹೋಗುವುದು ಅವಿಶ್ವಾಸವಲ್ಲ.

ಇಷ್ಟೆಲ್ಲ ನೋಡಿಕೊಂಡ ಮೇಲೂ ಒಣಗಿದ ಕಾಲ ಬರುತ್ತದೆ. ನಾಲ್ಕನೆಯ ಶತಮಾನದ ಐಗುಪ್ತದ ಅಡವಿಯಲ್ಲಿ ತಪಸ್ಸಿಗೆ ಕೂತಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ‘ಮಧ್ಯಾಹ್ನದ ಪಿಶಾಚಿ’ ಎಂದು ಕರೆದ. ಹೊತ್ತೇ ಹೋಗುವುದಿಲ್ಲ, ಸೂರ್ಯ ನಿಂತಂತೆ ಕಾಣುತ್ತಾನೆ, ಕಿಟಕಿಯ ಕಡೆಗೇ ಕಣ್ಣು ಹೋಗುತ್ತದೆ ಎಂದು ಬರೆದಿದ್ದಾನೆ. ಕಲ್ಕತ್ತೆಯ ಮದರ್ ತೆರೇಸಾ ಬರೆದ ಪತ್ರಗಳು 2007ರಲ್ಲಿ ಹೊರಬಂದಾಗ, ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂದು ಲೋಕಕ್ಕೆ ತಿಳಿಯಿತು. ಆ ದಶಕಗಳಲ್ಲೇ ಅವರು ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದದ್ದು. ಕೀರ್ತನೆಗಳ ಪುಸ್ತಕದಲ್ಲೂ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಅದನ್ನೂ ಆರಾಧನೆಯ ಹಾಡೆಂದೇ ಸೇರಿಸಿಕೊಂಡಿದ್ದಾರೆ.

ಈಗ ಓದುವ ಕ್ರಮಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಹೆಚ್ಚಿನವರ ಭಕ್ತಿ ಬಾಡುವುದು ಇಲ್ಲಿಯೇ, ಚಿಗುರುವುದೂ ಇಲ್ಲಿಯೇ.

ವರ್ಷದ ಪಟ್ಟಿಯ ಲೆಕ್ಕ ನೋಡಿ. ನಾವು ಓದುವ ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಾಗ ಜನವರಿ ಕೊನೆ. ಹೊಸ ವರ್ಷದ ಹುಮ್ಮಸ್ಸು ಇಳಿಯುವ ಹೊತ್ತಿಗೆ ಸರಿಯಾಗಿ ಯಾಜಕಕಾಂಡ ಎದುರಾಗುತ್ತದೆ. ಅಲ್ಲಿ ನಿಲ್ಲುವವರು ನೀವೊಬ್ಬರೇ ಅಲ್ಲ. ಇಂಥ ಪಟ್ಟಿಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ಯುವ ಪಾದ್ರಿ ರಾಬರ್ಟ್ ಮರ್ರಿ ಮ್ಯಾಕ್‌ಶೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟದ್ದು. ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಆದರೆ ಪಟ್ಟಿಯ ಜೊತೆಗೇ ಆತ ಅದರ ಅಪಾಯಗಳನ್ನೂ ಬರೆದುಕೊಟ್ಟಿದ್ದ: ಓದು ಬರೀ ಆಚಾರವಾಗಬಹುದು, ಓದಿ ಮುಗಿಸಿದೆನೆಂಬ ಸ್ವನೀತಿ ತಲೆಗೇರಬಹುದು, ಗಮನವಿಲ್ಲದೆ ಪುಟ ತಿರುವಬಹುದು, ಕೆಲವರಿಗೆ ಹೊರಲಾಗದ ನೊಗವಾಗಬಹುದು. ಪಟ್ಟಿ ನಮ್ಮ ಕಾಲದವರೆಗೆ ಬಂತು, ಎಚ್ಚರಿಕೆ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ನಿಮಗೆ ಈ ವರ್ಷ ಆ ಪಟ್ಟಿ ಬೇಡ. ಆದರೆ ಯಾಜಕಕಾಂಡವನ್ನು ಒಣ ಪುಸ್ತಕವೆಂದು ಬಿಡಲು ನಾನು ಒಪ್ಪುವುದಿಲ್ಲ, ಅದರಲ್ಲೂ ಒಬ್ಬ ನರ್ಸ್ ಬಿಡಬಾರದು. 13ನೆಯ ಅಧ್ಯಾಯವನ್ನು ನಿಮ್ಮ ವಾರ್ಡಿನ ಕಣ್ಣಿಂದ ಓದಿ ನೋಡಿ. ಒಬ್ಬನ ಚರ್ಮದ ಮೇಲೆ ಮಚ್ಚೆ ಎದ್ದಿದೆ. ಯಾಜಕ ನೋಡಬೇಕು: ಕೂದಲು ಬೆಳ್ಳಗಾಗಿದೆಯೇ, ಮಚ್ಚೆ ಚರ್ಮಕ್ಕಿಂತ ಆಳವಾಗಿ ಕಾಣುತ್ತದೆಯೇ. ಸಂಶಯವಿದ್ದರೆ ಏಳು ದಿನ ಬೇರೆ ಇಡಬೇಕು. ಏಳನೆಯ ದಿನ ಮತ್ತೆ ನೋಡಬೇಕು. ಹರಡಿಲ್ಲವೇ? ಇನ್ನೂ ಏಳು ದಿನ. ಮಸುಕಾಗಿದ್ದರೆ ಬಟ್ಟೆ ಒಗೆದುಕೊಂಡು ಮನೆಗೆ ಹೋಗಲಿ. ಅವಸರದಲ್ಲಿ ಯಾರನ್ನೂ ಹೊರಗೆ ಹಾಕುವಂತಿಲ್ಲ ಎಂಬ ಎಚ್ಚರ ಸಾಲುಸಾಲಿನಲ್ಲಿದೆ. ಆದರೆ ರೋಗ ಖಚಿತವಾಯಿತೋ, ಅವನು ಹರಿದ ಬಟ್ಟೆ ತೊಟ್ಟು, ಅಶುದ್ಧ ಅಶುದ್ಧ ಎಂದು ಕೂಗುತ್ತ ಪಾಳೆಯದ ಹೊರಗೆ ಒಬ್ಬನೇ ಇರಬೇಕು. ವಾಸಿಯಾದರೆ ಅವನನ್ನು ನೋಡಲು ಯಾಜಕನೇ ಪಾಳೆಯದ ಹೊರಗೆ ಹೋಗಬೇಕು ಎನ್ನುತ್ತದೆ 14ನೆಯ ಅಧ್ಯಾಯ. ಆಮೇಲೆ ಎರಡು ಹಕ್ಕಿಗಳು, ಒಂದನ್ನು ವಧಿಸಿ ಇನ್ನೊಂದನ್ನು ಬಯಲಿಗೆ ಹಾರಿಬಿಡುತ್ತಾರೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಕನ ಸುವಾರ್ತೆಯ 1ನೆಯ ಅಧ್ಯಾಯದ 40ನೆಯ ವಚನಕ್ಕೆ ಬನ್ನಿ. ಕುಷ್ಠರೋಗಿಯೊಬ್ಬ ಮೊಣಕಾಲೂರಿ ಬೇಡಿಕೊಳ್ಳುತ್ತಾನೆ. ಯೇಸು ಮಾತಿನಿಂದಲೇ ವಾಸಿಮಾಡಬಹುದಿತ್ತು. ಆದರೂ ಕೈಚಾಚಿ ಮುಟ್ಟಿದನು. ಎಷ್ಟು ವರ್ಷದಿಂದ ಯಾರೂ ಮುಟ್ಟದ ಮೈಯೋ ಅದು! ಮುಟ್ಟಿ, ಹೋಗಿ ಯಾಜಕನಿಗೆ ಮೈ ತೋರಿಸು, ಮೋಶೆ ಹೇಳಿದ್ದನ್ನು ಅರ್ಪಿಸು ಎಂದನು. ಯಾಜಕಕಾಂಡ 14 ಓದಿರದಿದ್ದರೆ ಈ ಮಾತು ಸುಮ್ಮನೆ ದಾಟಿಹೋಗುತ್ತದೆ. ಓದಿದ್ದರೆ ಆ ಮನುಷ್ಯ ಊರೊಳಗೆ, ಹೆಂಡತಿ ಮಕ್ಕಳ ನಡುವೆ, ಆರಾಧನೆಗೆ ವಾಪಸ್ ಹೋಗುವ ದಾರಿಯನ್ನು ಯೇಸು ತೆರೆಯುತ್ತಿದ್ದಾನೆಂದು ತಿಳಿಯುತ್ತದೆ. ಇನ್ನು 45ನೆಯ ವಚನ. ಆ ಸುದ್ದಿ ಹಬ್ಬಿ ಯೇಸು ಊರೊಳಗೆ ಬಹಿರಂಗವಾಗಿ ಹೋಗಲಾರದೆ ಹೊರಗೆ, ಅಡವಿಯ ಸ್ಥಳಗಳಲ್ಲಿ ಉಳಿದನು. ಹೊರಗಿದ್ದವನು ಒಳಗೆ ಹೋದ. ಮುಟ್ಟಿದವನು ಹೊರಗೆ ನಿಂತ. ಮಾರ್ಕ ಇದನ್ನು ಬಿಡಿಸಿ ಹೇಳುವುದಿಲ್ಲ, ಮುಂದಿನ ಕಥೆಗೆ ಹೋಗಿಬಿಡುತ್ತಾನೆ. ಇದನ್ನು ಕಂಡ ದಿನ ವಾಕ್ಯ ಹೊಸದಾಗಿರುತ್ತದೆ, ಕಣ್ಣಲ್ಲಿ ನೀರು ಬರಲಿ ಬಿಡಲಿ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಓದುವಾಗ ‘ಇವತ್ತು ನನಗೇನು ಅನ್ನಿಸಿತು’ ಎಂದು ನಮ್ಮ ಎದೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರೆ ಭಕ್ತಿ ಬೇಗ ದಣಿಯುತ್ತದೆ. ‘ಇಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ, ಏನು ನಡೆಯುತ್ತಿದೆ’ ಎಂದು ಗಮನವನ್ನು ವಾಕ್ಯದ ಕಡೆ ತಿರುಗಿಸಿದರೆ, ಭಾವನೆ ತಾನಾಗಿ ಹಿಂದೆ ಬರಬಹುದು, ತಡವಾಗಿಯೂ ಬರಬಹುದು.

ದಿನದ ವಚನದ ಕೊರತೆಯೂ ಇಲ್ಲಿಯೇ ಇದೆ. ಅದು ಕೆಟ್ಟದ್ದಲ್ಲ, ಅದಕ್ಕೆ ಒಳ್ಳೆಯ ಬೇರಿದೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ಜಿಂಜೆಂಡಾರ್ಫ್ ಎಂಬಾತನ ಮುಂದಾಳತ್ವದ ಮೊರೇವಿಯನ್ ಸಭೆ 1728ರಲ್ಲಿ ದಿನಕ್ಕೊಂದು ವಚನದ ಪದ್ಧತಿ ಶುರು ಮಾಡಿತು, 1731ರಿಂದ ಅದು ವರ್ಷವರ್ಷವೂ ಅಚ್ಚಾಗುತ್ತಿದೆ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರೂ ಇಂಥದೇ ಮನೆಭಕ್ತಿಯ ವಾತಾವರಣದಲ್ಲಿ ಬೆಳೆದವರು. ನಿಮ್ಮ ಬೆಟಗೇರಿ ಮನೆಯ ರಾತ್ರಿಯ ಪ್ರಾರ್ಥನೆಗೂ ಆ ಬೇರಿನ ನಂಟಿದೆ. ಆದರೆ ಹೆರ್ನ್‌ಹೂಟಿನಲ್ಲಿ ಮೊದಲು ಆ ವಚನವನ್ನು ಒಬ್ಬ ಸಹೋದರ ಮನೆಮನೆಗೆ ಹೊತ್ತು ಹೋಗುತ್ತಿದ್ದ. ಬಾಗಿಲಲ್ಲಿ ಮನುಷ್ಯ ನಿಂತಿರುತ್ತಿದ್ದ, ಮನೆಯವರ ಕ್ಷೇಮ ತಿಳಿಯುತ್ತಿತ್ತು. ಈಗ ವಚನ ಬರುತ್ತದೆ, ಮನುಷ್ಯ ಬರುವುದಿಲ್ಲ. ನಾವು ಕೈಮುಗಿದ ಚಿತ್ರ ಒತ್ತಿ ಮುಂದಕ್ಕೆ ಕಳಿಸುತ್ತೇವೆ.

ಹಿಂದುಮುಂದಿಲ್ಲದ ವಚನಕ್ಕೆ ಇನ್ನೊಂದು ಅಪಾಯವಿದೆ. ಹೊಸ ವರ್ಷದ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ಬಹಳ ಸಲ ಸಿಗುತ್ತದೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ನಿಮಗೆ ನಿರೀಕ್ಷೆ ಕೊಡುವುದು ಎಂಬ ಅರ್ಥದ ಮಾತು. ಇದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರದ ಮಾತು. ಒಂದು ವಚನ ಹಿಂದಕ್ಕೆ ಹೋದರೆ, ಬಾಬೆಲಿನಲ್ಲಿ 70 ವರ್ಷ ಕಳೆಯಬೇಕು ಎಂದಿದೆ. ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಅಲ್ಲೇ ಮಣ್ಣಾಗುವವರು. ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತದೆ ಪತ್ರ. ಬೇಗ ಬಿಡುಗಡೆಯಾಗುತ್ತದೆ ಎನ್ನುವ ಪ್ರವಾದಿಗಳನ್ನು ನಂಬಬೇಡಿ ಎಂದೂ ಹೇಳುತ್ತದೆ. ಇಷ್ಟು ಓದಿದ ಮೇಲೆ 11ನೆಯ ವಚನ ಇನ್ನೂ ಗಟ್ಟಿಯಾಗುತ್ತದೆ, ಯಾಕೆಂದರೆ ಬರುವ ಮಾರ್ಚಿನೊಳಗೆ ಕೆಲಸ ಸಿಗದಿದ್ದರೂ ಅದು ಸುಳ್ಳಾಗುವುದಿಲ್ಲ.

ಹಾಗಾದರೆ ಏನು ಓದಬೇಕು? ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ವಾರದಲ್ಲಿ ಎರಡು ದಿನ ಬಿಡುವು. ಡ್ಯೂಟಿ ಬದಲಾಗುವ ನಿಮಗೆ ಈ ಬಿಡುವು ಬಹಳ ಮುಖ್ಯ. ತಪ್ಪಿದ ಅಧ್ಯಾಯವನ್ನು ಸಾಲದ ಕಂತಿನಂತೆ ಮರುದಿನಕ್ಕೆ ಕೂಡಿಸಬೇಡಿ. ಮಾರ್ಕನಿಂದ ಶುರು ಮಾಡಿ. ಓದುವ ಮೊದಲು ಒಂದು ಸಲ, ರಜೆಯ ದಿನ, 16 ಅಧ್ಯಾಯವನ್ನೂ ಒಟ್ಟಿಗೆ ಕೇಳಿ. ಆಡಿಯೋ ಬೈಬಲ್ ಕನ್ನಡದಲ್ಲಿ ಸಿಗುತ್ತದೆ, ಒಂದೂವರೆ ಗಂಟೆಯ ಆಸುಪಾಸು ಸಾಕು. ಮೊದಲ ಸಭೆಗಳು ಅದನ್ನು ಕೇಳಿಯೇ ತಿಳಿದವು. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೆಯ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಈಗಿನ ವಚನದ ಅಂಕಿಗಳು ಬಂದದ್ದು 1551ರಲ್ಲಿ. ಈ ದಾರಿಯ ಕೊರತೆ ಏನೆಂದರೆ ಹಳೆ ಒಡಂಬಡಿಕೆ ಹಿಂದೆ ಬೀಳುತ್ತದೆ. ಅದಕ್ಕೆ, ಸುವಾರ್ತೆಯಲ್ಲಿ ಮೋಶೆಯ ಹೆಸರೋ ಪ್ರವಾದಿಯ ಮಾತೋ ಬಂದಲ್ಲಿ ನಿಂತು ಆ ಮೂಲ ಅಧ್ಯಾಯವನ್ನು ಓದಿ ಬನ್ನಿ, ಮೇಲೆ ಮಾಡಿದ ಹಾಗೆ.

ಬೆಳಗಿನ ಜಾವವೇ ಆಗಬೇಕೆಂಬುದು ನಿಯಮವಲ್ಲ. ಯೇಸು ನಸುಕಿನಲ್ಲಿ ಎದ್ದು ಪ್ರಾರ್ಥಿಸಿದ್ದು ಮಾರ್ಕ 1:35ರಲ್ಲಿದೆ, ಇಡೀ ರಾತ್ರಿ ಪ್ರಾರ್ಥಿಸಿದ್ದು ಲೂಕ 6:12ರಲ್ಲಿದೆ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ನೀವು ಮಾಡಬೇಕಾದ ಕೆಲಸ ನಿದ್ದೆ. ಅಂಥ ದಿನಗಳಿಗೆ ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. 134ನೆಯದು ಮೂರೇ ವಚನ, ರಾತ್ರಿಯಲ್ಲಿ ಯೆಹೋವನ ಆಲಯದಲ್ಲಿ ನಿಂತು ಸೇವೆ ಮಾಡುವವರಿಗಾಗಿ ಬರೆದದ್ದು. 121 ಮತ್ತು 130 ಕೂಡ ರಾತ್ರಿ ಎಚ್ಚರ ಇರುವವರಿಗೆ ಹತ್ತಿರ. ವಾರ್ಡಿನಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ನಡೆಯುವಾಗ ಒಂದು ಸಾಲು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ಹಳೆಯ ಸತ್ಯವೇದದ ಭಾಷೆ ಕೀರ್ತನೆಗಳಿಗೆ ಚೆನ್ನ, ಬಾಯಲ್ಲಿ ನಿಲ್ಲುತ್ತದೆ. ಪೌಲನ ಪತ್ರಗಳು ಕಷ್ಟವೆನಿಸಿದರೆ ಸರಳ ಕನ್ನಡದ ಅನುವಾದ ತೆಗೆದುಕೊಳ್ಳಿ, ಸಂಕೋಚ ಬೇಡ. ಫೋನಿನಲ್ಲಿ ಓದಬಹುದು, ಆದರೆ ನೆಟ್ ಆರಿಸಿ. ಓದುವ ನಡುವೆ ಮೆಸೇಜ್ ಬಂದರೆ ಪೌಲನಿಗಿಂತ ಮೆಸೇಜೇ ಗೆಲ್ಲುತ್ತದೆ.

ಒಬ್ಬರೇ ಓದಬೇಡಿ ಎಂಬುದು ನನ್ನ ಕಳಕಳಿಯ ಬೇಡಿಕೆ. ನಿಮ್ಮ ಜೊತೆ ಕೆಲಸ ಮಾಡುವ ಒಬ್ಬ ವಿಶ್ವಾಸಿಯೋ, ಸಭೆಯ ಒಬ್ಬ ಹಿರಿಯ ತಾಯಿಯೋ ಸಾಕು. ವಾರಕ್ಕೊಮ್ಮೆ, ಓದಿದ್ದರಲ್ಲಿ ಅರ್ಥವಾಗದ ಒಂದನ್ನು ಪರಸ್ಪರ ಕೇಳಿ. ದೊಡ್ಡ ಗುಂಪಿನಲ್ಲಿ ಸಾಕ್ಷಿ ಹೇಳುವ ಒತ್ತಡ ಇರುತ್ತದೆ, ಇಬ್ಬರಲ್ಲಿ ‘ಈ ವಾರ ಏನೂ ಆಗಲಿಲ್ಲ’ ಎಂದು ಹೇಳಬಹುದು. ಆದರೆ ಕೇಳಿದ್ದನ್ನು ಹೊರಗೆ ಆಡುವವರನ್ನು ಆರಿಸಬೇಡಿ. ಯಾರಿದ್ದಾರೆಂದು ತೋಚದಿದ್ದರೆ ನಿಮ್ಮ ಸಭಾಪಾಲಕರನ್ನು ಕೇಳಿ.

ಮಗನನ್ನು ಬಲವಂತವಾಗಿ ಕೂರಿಸಬೇಡಿ. ಕುಟುಂಬ ಪ್ರಾರ್ಥನೆ ಬಿಡಲೂ ಬೇಡಿ. ಹತ್ತು ನಿಮಿಷಕ್ಕೆ ಇಳಿಸಿ. ಅವನಿಗೆ ಗೊತ್ತಾಗುವಂತೆ, ಅವನ ತಪ್ಪುಗಳನ್ನು ಪ್ರಾರ್ಥನೆಯಲ್ಲಿ ದೇವರಿಗೆ ವರದಿ ಒಪ್ಪಿಸುವುದನ್ನು ನಿಲ್ಲಿಸಿ. ಅನೇಕ ಮನೆಗಳಲ್ಲಿ ಮಕ್ಕಳು ಎದ್ದು ಹೋಗುವುದು ಇದಕ್ಕೇ. ಪ್ರಶ್ನೆ ಕೇಳಲು ಬಿಡಿ. ಐಗುಪ್ತದಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬದ ವಿಷಯದಲ್ಲಿ, ಇದೇನೆಂದು ಮಕ್ಕಳು ಕೇಳಿದಾಗ ಹೀಗೆ ಹೇಳಿ ಎಂದು ಮೋಶೆ ಕಲಿಸಿದ, ಕೇಳಬಾರದು ಅನ್ನಲಿಲ್ಲ. ಯೇಸುವನ್ನು ಹಿಡಿದ ಗೆತ್ಸೇಮನೆಯ ರಾತ್ರಿ ನಾರುಬಟ್ಟೆಯನ್ನು ಹಿಡಿಯಬಂದವರ ಕೈಯಲ್ಲೇ ಬಿಟ್ಟು ಬರಿಮೈಯಲ್ಲಿ ಓಡಿದ ಹುಡುಗನೊಬ್ಬ ಮಾರ್ಕನ ಸುವಾರ್ತೆಯಲ್ಲಿ ಮಾತ್ರ ಬರುತ್ತಾನೆ, 14:51. ಅವನು ಯಾರಿರಬಹುದು ಎಂದು ಮಗನನ್ನೇ ಕೇಳಿ. ಉತ್ತರ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಅವನ ಮಾತಿಗೂ ನಿಮ್ಮ ಮಾತಿಗೂ ಸಮ ತೂಕ ಇರುತ್ತದೆ.

ಪ್ರಾರ್ಥನೆಗೆ ಮಾತು ಬಾರದ ದಿನ ಕರ್ತನು ಕಲಿಸಿದ ಪ್ರಾರ್ಥನೆಯನ್ನೇ ನಿಧಾನವಾಗಿ ಹೇಳಿ ಮುಗಿಸಿ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಾಗ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಹೇಳುತ್ತದೆ. ಈ ವಾರ ರಕ್ತ ಪರೀಕ್ಷೆ ಮಾಡಿಸಿ. ಹಗಲು ಡ್ಯೂಟಿ ಇದ್ದರೆ ಮಾರ್ಕ ಒಂದನೆಯ ಅಧ್ಯಾಯ, ನೈಟ್ ಇದ್ದರೆ 134ನೆಯ ಕೀರ್ತನೆ. ಮೂರು ತಿಂಗಳು ಹೀಗೆ ನಡೆಸಿ ನೋಡಿ, ಆಮೇಲೆ ಮತ್ತೆ ಬರೆಯಿರಿ. ಏನೂ ಬದಲಾಗದಿದ್ದರೂ ಬರೆಯಿರಿ.